ಇಂದಿನ ಧಮ್ಮ ಚಿಂತನೆ: ಕಡಲು ಸೇರಿದ ನದಿಗೆ ಯಾವ ಹೆಸರು?

 



ನಮ್ಮ ಸನ್ನತಿಯ ಸ್ತೂಪದ ಹತ್ತಿರ ಹರಿಯುವ ಭೀಮಾ ನದಿ ಕೊನೆಗೆ ಎಲ್ಲಿ ಸೇರುತ್ತದೆ ಎಂದು ನೋಡುವ ಆಸೆ ಬಹಳ ದಿನಗಳಿಂದ ಇತ್ತು. ರಾಯಚೂರು ಸೀಮೆಯಲ್ಲಿ ಅದು ಕೃಷ್ಣೆಯನ್ನು ಕೂಡುತ್ತದೆ. ಮುಂದೆ ತುಂಗಭದ್ರೆಯೂ ಬಂದು ಸೇರುತ್ತದೆ. ಆ ನೀರು ಅಮರಾವತಿಯ ಮಹಾಸ್ತೂಪದ ಬಳಿ ಹರಿದು, ವಿಜಯವಾಡ ದಾಟಿ, ಕವಲೊಡೆದು ಬಂಗಾಳ ಕೊಲ್ಲಿ ಸೇರುತ್ತದೆ. ಅದರ ಒಂದು ಕವಲು ಕಡಲು ಸೇರುವ ಊರು ಆಂಧ್ರದ ಹಂಸಲದೀವಿ. ಈಚೆಗೆ ನಮ್ಮ ಬಳಗದ ಕೆಲವು ಕುಟುಂಬಗಳು ಕೂಡಿ ಅಲ್ಲಿಗೆ ಹೋಗಿ ಬಂದೆವು.

ದಾರಿಯಲ್ಲಿ ಭಟ್ಟಿಪ್ರೋಲು ಸ್ತೂಪ ನೋಡಿದೆವು. 1892ರ ಉತ್ಖನನದಲ್ಲಿ ಬ್ರಾಹ್ಮಿ ಬರಹವಿರುವ ಧಾತು ಕರಂಡಕಗಳು ಸಿಕ್ಕ ಜಾಗವದು. ಅಲ್ಲಿ ವಂದನೆ ಮುಗಿಸಿ ಊಟಕ್ಕೆ ಕುಳಿತಾಗ ನಾನೊಂದು ತಪ್ಪು ಮಾಡಿದೆ. ಮನೆಯಲ್ಲಿ ಮಗನಿಗೆ ಹೆಣ್ಣು ನೋಡುತ್ತಿದ್ದೆವು. ಜೊತೆಗೆ ಬಂದಿದ್ದ ಉಪಾಸಕರೊಬ್ಬರ ಮಗಳು ಓದಿದವಳು, ಒಳ್ಳೆಯ ಹುಡುಗಿ. ನಾನು ದನಿ ತಗ್ಗಿಸಿ ಅವರನ್ನು ಕೇಳಿದೆ: "ಮೊದಲು ನಿಮ್ಮದು ಬಲಗೈಯೋ, ಎಡಗೈಯೋ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅಣ್ಣಾರ, ನಾವಿಬ್ರೂ ಒಂದೇ ದಿನ ದೀಕ್ಷಾ ತಗೊಂಡೀವಿ. ಮೊದಲಿಂದು ಇನ್ನೂ ನೆನಪಿಡಬೇಕೇನ್ರಿ?"

ನನಗೆ ಮಾತು ಹೊರಡಲಿಲ್ಲ.

ಮರುದಿನ ಹಂಸಲದೀವಿಯ ಮರಳಿನ ಮೇಲೆ ನಡೆದೆವು. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು. ಹಿಂದೆ, ಕೆಸರಿನಲ್ಲಿ ಬೇರೂರಿದ ಕಾಂಡ್ಲಾ ಕಾಡು. ನದಿ ಇಲ್ಲಿ ಮುಗಿಯಿತು, ಕಡಲು ಇಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ನೋಡಿದೆ. ಆಗಲಿಲ್ಲ. ಸಿಹಿನೀರು, ಉಪ್ಪುನೀರು ಬಹು ದೂರದವರೆಗೆ ಬೆರೆತೇ ಇರುತ್ತವೆ. ಉಬ್ಬರ ಬಂದಾಗ ನೀರು ಹಿಂದಕ್ಕೂ ಹರಿಯುತ್ತದೆ. ಆದರೂ ನದಿ ಕಡಲು ಸೇರುವುದನ್ನು ಬಿಡುವುದಿಲ್ಲ.

ಅಂಗುತ್ತರ ನಿಕಾಯದ ಪಹಾರಾದ ಸುತ್ತದಲ್ಲಿ ಭಗವಾನ್ ಬುದ್ಧರು ಇದೇ ನೋಟವನ್ನು ಉಪಮೆಯಾಗಿ ಹೇಳಿದ್ದಾರೆ. ಗಂಗಾ, ಯಮುನಾ, ಅಚಿರವತಿ, ಸರಭೂ, ಮಹೀ ನದಿಗಳು ಮಹಾಸಮುದ್ರ ಸೇರಿದಾಗ ಹಿಂದಿನ ನಾಮ, ಗೋತ್ರ ಬಿಟ್ಟು ಸಮುದ್ರವೆಂದೇ ಕರೆಸಿಕೊಳ್ಳುತ್ತವೆ. ನಾಲ್ಕು ವರ್ಣದವರು ಸಂಘ ಸೇರಿದಾಗಲೂ ಹಾಗೆಯೇ. ಬಾಬಾಸಾಹೇಬರು 1956ರ ಅಕ್ಟೋಬರ್ 15ರಂದು, ದೀಕ್ಷೆಯ ಮರುದಿನ, ನಾಗಪುರದ ಭಾಷಣದಲ್ಲಿ ಇದೇ ಉಪಮೆಯನ್ನು ನಮ್ಮ ಜನರ ಮುಂದಿಟ್ಟರು.

ಗಮನಿಸಿ: ದೊಡ್ಡ ನದಿಯೂ ಹೆಸರು ಬಿಡಬೇಕು, ಸಣ್ಣ ನದಿಯೂ ಬಿಡಬೇಕು. ಶಾಕ್ಯ ಕುಮಾರರು ಪ್ರವ್ರಜ್ಯೆಗೆ ಬಂದಾಗ ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆ ಕೊಡಿರೆಂದು ತಾವೇ ಕೇಳಿಕೊಂಡರು. ಉಪಾಲಿಗೆ ವಂದಿಸುವಾಗ ತಮ್ಮ ಕುಲದ ಅಹಂಕಾರ ಇಳಿಯಲಿ ಎಂದು. ಮೇಲಿನವರು ನಮ್ಮನ್ನು ಸಮನಾಗಿ ಕಾಣಲಿ ಎನ್ನುವ ನಾವು, ನಮ್ಮೊಳಗೇ ಒಂದು ಮೆಟ್ಟಿಲು ಉಳಿಸಿಕೊಂಡರೆ ಅದು ಯಾವ ದೀಕ್ಷೆ?

ಹಾಗಾದರೆ ನಮ್ಮ ಹಿರಿಯರು ಉಂಡ ನೋವನ್ನೂ ಮರೆಯಬೇಕೇ? ಬೇಡ. ನದಿ ಹೆಸರು ಬಿಡುತ್ತದೆ, ಆದರೆ ತಾನು ಹೊತ್ತು ತಂದ ಮಣ್ಣನ್ನು ಕಡಲ ಬಾಯಲ್ಲಿ ಇಳಿಸುತ್ತದೆ. ಆ ಮಣ್ಣಿನಿಂದಲೇ ಅಲ್ಲಿ ಹೊಸ ನೆಲ ಹುಟ್ಟಿದೆ. ಅದರಲ್ಲಿ ಭತ್ತ ಬೆಳೆಯುತ್ತಾರೆ, ಭಟ್ಟಿಪ್ರೋಲಿನ ಸ್ತೂಪವೂ ಅದೇ ನೆಲದ ಮೇಲಿದೆ. ನಮ್ಮ ಚರಿತ್ರೆ, ಹೋರಾಟ, ಹಾಡು, ದುಡಿಮೆ ಆ ಮಣ್ಣಿನ ಹಾಗೆ. ಅದನ್ನು ತರೋಣ. ಮೇಲುಕೀಳಿನ ಹೆಸರನ್ನು ಬಿಡೋಣ.

ಕೆಲವರು ಕೇಳಬಹುದು: ಪ್ರಮಾಣಪತ್ರದಲ್ಲಿ ಜಾತಿ ಇದೆಯಲ್ಲ? ಇದೆ. ಪರಿಶಿಷ್ಟ ಜಾತಿಯಿಂದ ಬೌದ್ಧರಾದವರಿಗೂ ಮೀಸಲಾತಿ ಹಕ್ಕು 1990ರ ತಿದ್ದುಪಡಿಯಿಂದ ಬಂತು. ಆ ಹಕ್ಕಿಗಾಗಿ ಕಚೇರಿಯಲ್ಲಿ ಜಾತಿ ಬರೆಸಲೇಬೇಕು, ನಾಚಿಕೆ ಬೇಡ. ಆದರೆ ಕಚೇರಿಯ ಆ ಕಾಲಂ ನಮ್ಮ ವಿಹಾರದೊಳಗೆ, ಅಡುಗೆಮನೆಯೊಳಗೆ, ಮದುವೆ ಮಾತುಕತೆಯೊಳಗೆ ಬರಬಾರದು.

ದೀಕ್ಷೆ ಒಂದು ದಿನದ ಕೆಲಸ. ಹೆಸರು ಬಿಡುವುದು ದಿನದಿನದ ಕೆಲಸ. ಹಳೆಯ ಅಭ್ಯಾಸ ಉಬ್ಬರದ ಹಾಗೆ ಹಿಂದಕ್ಕೆ ತಳ್ಳುತ್ತದೆ, ಭಟ್ಟಿಪ್ರೋಲಿನಲ್ಲಿ ನನ್ನನ್ನು ತಳ್ಳಿದ ಹಾಗೆ. ತಳ್ಳಿದಾಗ ಗುರುತಿಸಿ, ಮತ್ತೆ ಮುಂದಕ್ಕೆ ಹರಿಯಬೇಕು. ಇದೇ ಸಮ್ಮಾ ವಾಯಾಮ.

ಊರಿಗೆ ಬಂದ ಮೇಲೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಚಹಾ ಕೊಟ್ಟರು. ಸಂಬಂಧದ ಮಾತನ್ನು ಮಕ್ಕಳಿಬ್ಬರಿಗೇ ಬಿಟ್ಟಿದ್ದೇವೆ.

*ಇಂದಿನ ಅಭ್ಯಾಸ:* ಇವತ್ತು ಹೊಸಬರು ಯಾರಾದರೂ ಸಿಕ್ಕಾಗ "ಇವರು ಯಾವ ಪೈಕಿ?" ಎಂಬ ಪ್ರಶ್ನೆ ಮನಸ್ಸಿನಲ್ಲಿ ಏಳುತ್ತದೆಯೇ, ನೋಡಿಕೊಳ್ಳಿ. ಎದ್ದರೆ ಬಾಯಿಗೆ ತರಬೇಡಿ. ಅದರ ಬದಲು "ಊಟ ಆಯ್ತೇನ್ರಿ?" ಎಂದು ಕೇಳಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.