ಸೊನ್ನೆ ಬಡ್ಡಿಯ ಸೈಕಲ್

ಕಳೆದ ವರ್ಷ ಏಪ್ರಿಲ್‌ನಲ್ಲಿ ಕೊಂಡ ಒಂದು ಸೈಕಲ್ಲಿಗೆ ನಾನು 14,555 ರೂಪಾಯಿ ಹೆಚ್ಚಿಗೆ ತೆತ್ತಿದ್ದೇನೆ. ಅಂಗಡಿಯ ಬೋರ್ಡಿನಲ್ಲಿ, ಬ್ಯಾಂಕಿನ ಮೆಸೇಜಿನಲ್ಲಿ, ಸೇಲ್ಸ್ ಹುಡುಗನ ಬಾಯಲ್ಲಿ ಇದ್ದ ಬಡ್ಡಿ ಮಾತ್ರ ಸೊನ್ನೆ. ಸೈಕಲ್ ಬಗ್ಗೆ ನನಗೆ ತಕರಾರಿಲ್ಲ. ಗಟ್ಟಿ ಫ್ರೇಮು, ಒಳ್ಳೆಯ ಏರ್ ಫೋರ್ಕು, ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷ ಬಾಳುತ್ತದೆ. ನನ್ನ ಜಗಳವೆಲ್ಲ ನೋ ಕಾಸ್ಟ್ ಇಎಂಐ ಜೊತೆ.

ಬಂಗಾರಪೇಟೆಯ ಸಂಬಳದಾರನಿಗೆ ಒಂದೂವರೆ ಲಕ್ಷದ ಸೈಕಲ್ ಯಾಕಪ್ಪಾ ಎಂದು ನಮ್ಮ ಬೀದಿಯಲ್ಲಿ ಕೇಳದವರಿಲ್ಲ. ನನಗೆ ಹಿಡಿದಿರುವುದು ಆಫ್-ರೋಡ್ ಟ್ರಯಥ್ಲಾನ್ ಹುಚ್ಚು. ಕೆರೆಯಲ್ಲೋ ಸಮುದ್ರದಲ್ಲೋ ಈಜಿ, ಕಲ್ಲುಮಣ್ಣಿನ ದಾರಿಯಲ್ಲಿ ಮೌಂಟನ್ ಬೈಕ್ ತುಳಿದು, ಕೊನೆಗೆ ಗುಡ್ಡದ ಕಾಲುದಾರಿಯಲ್ಲಿ ಓಡುವ ಆಟ. 1996ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಶುರುವಾದ ಎಕ್ಸ್‌ಟೆರ್ರಾ ಎಂಬ ರೇಸು ಇದನ್ನು ಜನಪ್ರಿಯಗೊಳಿಸಿತು. ಒಂದೂವರೆ ಕಿಲೋಮೀಟರ್ ಈಜು, ಮೂವತ್ತರ ಆಸುಪಾಸಿನ ಸೈಕಲ್, ಹತ್ತು ಕಿಲೋಮೀಟರ್ ಓಟ ಅದರ ಪೂರ್ಣ ದೂರ. 2022ರಲ್ಲಿ ಅದರ ವಿಶ್ವ ಚಾಂಪಿಯನ್‌ಷಿಪ್ ಇಟಲಿಯ ಮೊಲ್ವೆನೊಗೆ ಹೋಯಿತು. ನಮ್ಮಲ್ಲಿ ಟ್ರಯಥ್ಲಾನ್ ಎಂದರೆ 2019ರಲ್ಲಿ ಶುರುವಾದ ಗೋವಾ 70.3 ರೇಸು ನೆನಪಾಗುತ್ತದೆ, ಅದು ಟಾರು ರಸ್ತೆಯ ಆಟ. ನಾನು ಹೋಗುವವು ಸಣ್ಣಪುಟ್ಟ ರೇಸುಗಳು. ಪದಕದ ಆಸೆ ಇಲ್ಲ, ಗೇಟು ಮುಚ್ಚುವ ಮುಂಚೆ ಮುಗಿಸಿದರೆ ಸಾಕು.

ಅಭ್ಯಾಸಕ್ಕೆ ನಮ್ಮ ಕಡೆಯಷ್ಟು ಒಳ್ಳೆಯ ಜಾಗ ಬೇರೆ ಕಾಣೆ. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ಯಶ್ ಸಿನಿಮಾದಲ್ಲಿ ದೇಶವೇ ನೋಡಿದೆ. ದಿಬ್ಬದ ಮೇಲೆ ಹತ್ತುವಂತಿಲ್ಲ, ಹತ್ತಲೂಬಾರದು. ಅಂಚಿನ ಏರಿಳಿತದ ದಾರಿಗಳೇ ಸಾಕು, ಉಸಿರು ಕಟ್ಟಿಸುತ್ತವೆ. ಇತ್ತ ಬೂದಿಕೋಟೆ, ಕಾಮಸಮುದ್ರದ ಕಡೆ ಕಾಡುದಾರಿ ಇದೆ. ಅಲ್ಲಿ ಆನೆಗಳ ಓಡಾಟ ಇರುವುದರಿಂದ ಚೆನ್ನಾಗಿ ಬೆಳಕು ಹರಿಯದೆ ಹೊರಡುವ ಹಾಗಿಲ್ಲ.

ದಿಬ್ಬದ ಮಣ್ಣಿನ ಬಗ್ಗೆ ಒಂದು ಮಾತು, ಯಾಕೆಂದರೆ ಅದು ಜೇಬಿಗೆ ಸಂಬಂಧಿಸಿದ್ದು. ಗಣಿಯಿಂದ ತಂದ ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದು, ಉಳಿದದ್ದನ್ನು ಶತಮಾನದುದ್ದಕ್ಕೂ ಸುರಿದ ರಾಶಿ ಅದು. ಅಷ್ಟು ನುಣುಪಾದ ಕಲ್ಲುಪುಡಿ ಚೈನಿನ ಎಣ್ಣೆಗೆ ಅಂಟಿದರೆ ಸಾಣೆ ಹಿಡಿದಂತೆ ಲೋಹ ತಿನ್ನುತ್ತದೆ. ಗಾಳಿ ಬೀಸುವ ತಿಂಗಳಲ್ಲಿ ಅದೇ ಪುಡಿ ಸುತ್ತಲಿನ ಕಾಲೊನಿಗಳವರ ಮೂಗಿಗೂ ಅನ್ನದ ತಟ್ಟೆಗೂ ಬರುತ್ತದೆ, ಆ ದಿನಗಳಲ್ಲಿ ನಾನು ಅತ್ತ ಸುಳಿಯುವುದಿಲ್ಲ. ಅದರಲ್ಲಿನ್ನೂ ಚಿನ್ನ ಉಳಿದಿದೆ ಎಂದು 13 ದಿಬ್ಬಗಳನ್ನು ಮತ್ತೆ ಕೆದಕಲು 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಒಮ್ಮೆ ಅರೆದ ಮಣ್ಣಿನಿಂದ ಮತ್ತೊಮ್ಮೆ ಚಿನ್ನ ಹೆಕ್ಕುವ ಈ ವಿದ್ಯೆ ಕ್ರೆಡಿಟ್ ಕಾರ್ಡ್ ಕಂಪನಿಗಳಿಗೂ ಚೆನ್ನಾಗಿ ಗೊತ್ತು.

ಈಜಿನ ಕಥೆ ಬೇರೆ. 2018ರಿಂದ ಕೆ.ಸಿ. ವ್ಯಾಲಿ ನೀರು ಬಂದು ಕೋಲಾರದ ಎಷ್ಟೋ ಕೆರೆಗಳು ತುಂಬಿವೆ, ನೋಡಲು ಕಣ್ಣಿಗೆ ಹಬ್ಬ. ಆದರೆ ಅದು ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಅಂತರ್ಜಲಕ್ಕೆಂದು ಬಿಟ್ಟ ನೀರು, ಈಜಾಡಲು ಅಲ್ಲ. ಬೇತಮಂಗಲದ ಕೆರೆ ಹಿಂದಿನಿಂದಲೂ ಕೆಜಿಎಫ್‌ಗೆ ಕುಡಿಯುವ ನೀರು ಕೊಟ್ಟದ್ದು, ಅಲ್ಲಿ ಇಳಿಯಲು ನನಗೆ ಮನಸ್ಸಿಲ್ಲ. ಹೀಗಾಗಿ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಈಜುಕೊಳಕ್ಕೆ. ಗಣಿ ಮುಚ್ಚಿದಾಗಿನಿಂದ ಅರ್ಧ ಕೆಜಿಎಫ್ ದುಡಿಯಲು ಹೋಗುವುದೇ ಆ ರೈಲುಗಳಲ್ಲಿ, ಬಂಗಾರಪೇಟೆಯಲ್ಲಿ ಹತ್ತುವವರಿಗೆ ಸೀಟು ಸಿಗುವುದು ಅದೃಷ್ಟ. ನಾನೂ ಕೆಲಸಕ್ಕೆ ಅಲ್ಲಿಗೇ ಹೋಗುವವನಾದ್ದರಿಂದ ಪಾಸಿನ ದುಡ್ಡನ್ನು ಆಟದ ಲೆಕ್ಕಕ್ಕೆ ಬರೆಯುವುದಿಲ್ಲ.

ಇನ್ನು ಆ ಸೈಕಲ್. ಬೆಂಗಳೂರಿನ ಒಂದು ಅಂಗಡಿ. ಎಂಆರ್‌ಪಿ 1,50,000. ಯುಪಿಐನಲ್ಲಿ ಒಂದೇ ಸಲ ಕೊಟ್ಟರೆ 12,000 ಕಡಿಮೆ, ಅಂದರೆ 1,38,000. ಇಎಂಐ ಆದರೆ ಡಿಸ್ಕೌಂಟ್ ಇಲ್ಲ, ಹನ್ನೆರಡು ಕಂತು, ಕಂತಿಗೆ 12,500. ಹುಡುಗ ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿ, “ನೋಡಿ ಸಾರ್, ಒಂದ್ರೂಪಾಯಿನೂ ಜಾಸ್ತಿ ಇಲ್ಲ” ಎಂದ. ಹನ್ನೆರಡನ್ನು ಹನ್ನೆರಡೂವರೆ ಸಾವಿರದಿಂದ ಗುಣಿಸಿದರೆ ಒಂದೂವರೆ ಲಕ್ಷವೇ. ಗುಣಾಕಾರದಲ್ಲಿ ತಪ್ಪಿರಲಿಲ್ಲ.

ನನ್ನಲ್ಲಿ ದುಡ್ಡಿತ್ತು, ಆದರೆ ಎಫ್‌ಡಿಯಲ್ಲಿತ್ತು. ನಮ್ಮ ಮನೆಯಲ್ಲಿ ಎಫ್‌ಡಿ ಮುರಿಯುವುದೆಂದರೆ ತಾಳಿ ಅಡವಿಟ್ಟಷ್ಟೇ ಅಪಶಕುನ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ ಅಪ್ಪನ ಕೈಗೆ ಬಂದ ಹಣ ಎಫ್‌ಡಿಗೆ ಹೋಯಿತು. ಅಕ್ಕಪಕ್ಕದವರು ಆಟೊ ಕೊಂಡರು, ಬಡ್ಡಿಗೆ ಬಿಟ್ಟರು, ಕೆಲವರು ಕಳೆದುಕೊಂಡರು. ಅಪ್ಪ ಆ ರಸೀದಿಗಳನ್ನು ಟ್ರಂಕಿನಲ್ಲಿಟ್ಟು ನನ್ನ ಓದು, ತಂಗಿಯ ಮದುವೆ ಎರಡನ್ನೂ ದಾಟಿಸಿದರು. ಹೀಗಾಗಿ ನಾನು ಕಾರ್ಡು ಕೊಟ್ಟೆ.

ಈಗ ಬ್ಯಾಂಕಿನ ಕಡೆಯಿಂದ ಲೆಕ್ಕ ನೋಡೋಣ. ಕಾರ್ಡಿನ ಇಎಂಐಗೆ ವರ್ಷಕ್ಕೆ 16 ಪರ್ಸೆಂಟ್ ಬಡ್ಡಿ. ತಿಂಗಳಿಗೆ 12,500ರಂತೆ ಹನ್ನೆರಡು ಕಂತು ಕಟ್ಟಿದರೆ ಈ ಬಡ್ಡಿಯಲ್ಲಿ ತೀರುವ ಸಾಲ 1,37,769. ಉಳಿದ 12,231 ಬಡ್ಡಿ. ಇಷ್ಟನ್ನು ಅಂಗಡಿಯ ಲೆಕ್ಕದಲ್ಲಿ ‘ಡಿಸ್ಕೌಂಟ್’ ಎಂದು ಮೊದಲೇ ಕಳೆದು, ಸಾಲವನ್ನು 1,37,769ಕ್ಕೆ ನಿಲ್ಲಿಸಿ, ಆಮೇಲೆ ಬಡ್ಡಿ ಸೇರಿಸಿ ನನ್ನಿಂದ ಒಂದೂವರೆ ಲಕ್ಷ ಎತ್ತುತ್ತಾರೆ. 1,37,769 ಎಂಬ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ಯುಪಿಐನಲ್ಲಿ ಕೊಟ್ಟಿದ್ದರೆ ಅಂಗಡಿಯವರು ಕೇಳಿದ್ದು 1,38,000. ಅವರ ಗಲ್ಲಾಪೆಟ್ಟಿಗೆಗೆ ಎರಡೂ ಹೆಚ್ಚುಕಡಿಮೆ ಒಂದೇ! ನನಗೆ ಸಿಗಬೇಕಿದ್ದ ಹನ್ನೆರಡು ಸಾವಿರದ ರಿಯಾಯಿತಿಯೇ ಬ್ಯಾಂಕಿನ ಬಡ್ಡಿಯಾಗಿ ಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಮೊದಲ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಅಸಲು 10,663, ಬಡ್ಡಿ 1,837. ಕೂಡಿದರೆ 12,500. ಕೆಳಗಡೆ, ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 331. ಪ್ರೊಸೆಸಿಂಗ್ ಫೀ 299. ಆ ಫೀ ಮೇಲೂ ಜಿಎಸ್‌ಟಿ 54. ಒಟ್ಟು 13,184. ಬೇರೆ ಸಾಲಗಳ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಇದೆ, ಮತ್ತು ಅದನ್ನು ಯಾವ ಅಂಗಡಿಯೂ ನಿಮ್ಮ ಪರವಾಗಿ ಕಟ್ಟುವುದಿಲ್ಲ. ಬಡ್ಡಿ ತಿಂಗಳು ತಿಂಗಳು ಇಳಿಯುತ್ತಾ ಕೊನೆಯ ಕಂತಿನಲ್ಲಿ 164ಕ್ಕೆ ಬಂತು, ಅದರ ಜಿಎಸ್‌ಟಿ 30. ವರ್ಷದ ಜಿಎಸ್‌ಟಿ 2,202, ಫೀ ತೆರಿಗೆ ಸೇರಿ 353. ನಾನು ಕಟ್ಟಿದ್ದು 1,52,555. ಒಂದ್ರೂಪಾಯಿನೂ ಜಾಸ್ತಿ ಇಲ್ಲವೆಂದವನ ಎಂಆರ್‌ಪಿಗಿಂತಲೂ 2,555 ಜಾಸ್ತಿ. 1,38,000ಕ್ಕೆ ಹೋಲಿಸಿದರೆ 14,555 ಜಾಸ್ತಿ. ತಗ್ಗುವ ಬಾಕಿಯ ಮೇಲೆ ಹಾಕಿ ನೋಡಿದರೆ ಬಡ್ಡಿ ಸುಮಾರು 19 ಪರ್ಸೆಂಟ್.

ಶೂನ್ಯ ಬಡ್ಡಿ ಎನ್ನುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಸುತ್ತೋಲೆ ಹೊರಡಿಸಿತ್ತು. 2022ರ ಏಪ್ರಿಲ್‌ನ ಕಾರ್ಡ್ ನಿಯಮಗಳಲ್ಲಿ ಇನ್ನೂ ಬಿಡಿಸಿ ಹೇಳಿದೆ: ಅಸಲು, ಬಡ್ಡಿ, ಮುಂಗಡ ರಿಯಾಯಿತಿ ಮೂರನ್ನೂ ಇಎಂಐಗೆ ಬದಲಾಯಿಸುವ ಮುಂಚೆಯೇ ತೋರಿಸಬೇಕು, ಬಿಲ್ಲಿನಲ್ಲೂ ಬೇರೆ ಬೇರೆ ಕಾಣಿಸಬೇಕು, ಬಡ್ಡಿ ಇರುವುದನ್ನು ನೋ ಕಾಸ್ಟ್ ಎಂದು ಮರೆಮಾಚಬಾರದು. ತೋರಿಸುತ್ತಾರೆ, ಸುಳ್ಳು ಹೇಳಲಾರೆ. ಅಂಗಡಿಯಲ್ಲಿ ನಿಂತವನ ಫೋನಿಗೆ ಒಟಿಪಿ ಬರುವ ಹೊತ್ತಿಗೆ, ಇರುವೆ ಗಾತ್ರದ ಅಕ್ಷರದಲ್ಲಿ. ಈ ಮಾಲಿನ ಬಗ್ಗೆ ನನಗೆ ಇನ್ನು ತಾಳ್ಮೆ ಉಳಿದಿಲ್ಲ. ಮಧ್ಯದಲ್ಲಿ ತೀರಿಸಲು ಹೋದರೆ ಅದಕ್ಕೂ ಚಾರ್ಜು. ಕಾರ್ಡಿನ ಲಿಮಿಟ್ಟಿನಲ್ಲಿ ಅಷ್ಟೂ ಹಣಕ್ಕೆ ಬೀಗ. ಕೆಲವು ಕಾರ್ಡುಗಳಲ್ಲಿ ಇಎಂಐ ಖರೀದಿಗೆ ರಿವಾರ್ಡ್ ಪಾಯಿಂಟೂ ಇಲ್ಲ. ಸಾಲ ಕೊಡಿ, ಬಡ್ಡಿ ತಗೊಳ್ಳಿ, ಯಾರು ಬೇಡ ಎಂದರು? ಬಿಟ್ಟಿ ಎಂದು ಯಾಕೆ ಕೂಗಬೇಕು?

ಬೇರೆ ದಾರಿಗಳಿದ್ದವು. ಅದೇ ಎಫ್‌ಡಿಯ ಮೇಲೆ 8 ಪರ್ಸೆಂಟಿಗೆ ಸಾಲ ಪಡೆದು ಹನ್ನೆರಡು ಕಂತಿನಲ್ಲಿ ತೀರಿಸಿದ್ದರೆ ಬಡ್ಡಿ 6,053. ಎಫ್‌ಡಿ ಮುರಿಯುವ ಪಾಪವೂ ಇಲ್ಲ, ಅದು ತನ್ನ 7 ಪರ್ಸೆಂಟ್ ಗಳಿಸುತ್ತಲೇ ಇರುತ್ತದೆ. ಚಿನ್ನದ ಸಾಲವೂ ಆದೀತು, ಆದರೆ ಆಟದ ಸಾಮಾನಿಗೆ ಮನೆಯವಳ ಬಳೆ ಕೇಳುವ ಧೈರ್ಯ ನನಗಿಲ್ಲ. ಜೊತೆಗೆ, 2025ರ ಸೆಪ್ಟೆಂಬರ್ 22ರಂದು ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು. ನನ್ನ ಎಂಆರ್‌ಪಿಯ ಲೆಕ್ಕಕ್ಕೆ ಅದು 9,375 ರೂಪಾಯಿ. ಅದನ್ನು ಏಪ್ರಿಲ್‌ನಲ್ಲಿ ಯಾರೂ ಊಹಿಸುವಂತಿರಲಿಲ್ಲ, ಬಿಡಿ.

ಎಲ್ಲಕ್ಕಿಂತ ಅಗ್ಗದ್ದು ಕಾಯುವುದು. ಆ 12,500ನ್ನು ಆರ್‌ಡಿಗೆ ಹಾಕುತ್ತಾ ಹಳೆಯ ಸೈಕಲ್ಲನ್ನೇ ತುಳಿಯಿರಿ. 6.5 ಪರ್ಸೆಂಟಿನಲ್ಲಿ ಹನ್ನೊಂದು ತಿಂಗಳಿಗೆ ಹತ್ತಿರ ಹತ್ತಿರ 1,42,000 ಆಗುತ್ತದೆ. ಸೈಕಲ್ಲು ಬಂದು ಹೆಲ್ಮೆಟ್ಟಿಗೂ ಉಳಿಯುತ್ತದೆ. ಇನ್ನೊಂದು ಲಾಭ ಲೆಕ್ಕದಲ್ಲಿ ಕಾಣದ್ದು: ಹನ್ನೊಂದು ತಿಂಗಳು ಬೆಳಿಗ್ಗೆ ಐದಕ್ಕೆ ಏಳದವನಿಗೆ ಆ ಸೈಕಲ್ ಬೇಕಿರಲಿಲ್ಲ ಎಂದು ಅವನಿಗೇ ಗೊತ್ತಾಗುತ್ತದೆ. ಸೆಕೆಂಡ್ ಹ್ಯಾಂಡ್ ಬಜಾರಿಗೆ ಬರುವ ಮೌಂಟನ್ ಬೈಕುಗಳ ಟೈರು ನೋಡಿ, ಗುಬ್ಬಿಗಳು ಸವೆದಿರುವುದೇ ಇಲ್ಲ. ಎಲ್ಲವೂ ಅಂಥವರ ಮನೆಯ ಬಾಲ್ಕನಿಯಿಂದ ಬಂದವು. ಹೊಸಬರಿಗೆ ನಾನು ಹೇಳುವುದು ಅವುಗಳಲ್ಲಿ ಒಂದನ್ನು ಹುಡುಕಿಕೊಳ್ಳಿ ಎಂದು.

ಇಲ್ಲೇ ನನಗೆ ಬೋಧನೆ ಮಾಡುವ ಚಟ ಶುರುವಾಗುತ್ತದೆ, ಕ್ಷಮಿಸಿ. ಆಫ್-ರೋಡ್ ಟ್ರಯಥ್ಲಾನಿನಲ್ಲಿ ದುಡ್ಡು ಸೋರುವುದು ಸಾಮಾನು ಕೊಳ್ಳುವಾಗಲ್ಲ, ಒರೆಸದೆ ಇಡುವಾಗ. ಸವಾರಿ ಮುಗಿಸಿ ಬಂದವರು ಬಾಗಿಲಲ್ಲಿ ಸೈಕಲ್ ಒರಗಿಸಿ ಪಾನಿಪುರಿಗೆ ಓಡುತ್ತಾರೆ. ಬಂಗಾರಪೇಟೆಯ ತಿಳಿನೀರಿನ ಪಾನಿಪುರಿಗೆ ಓಡದವರು ಯಾರು? ಮೊದಲು ಹಳೇ ಬನಿಯನ್ನಿನ ತುಂಡಿನಲ್ಲಿ ಚೈನನ್ನು ಒಂದು ಸುತ್ತು ಹಿಡಿದು ಒರೆಸಿ. ಬಟ್ಟೆ ಬೂದುಬಣ್ಣಕ್ಕೆ ತಿರುಗುತ್ತದೆ, ಬೆರಳಲ್ಲಿ ಉಜ್ಜಿದರೆ ಮರಳು ಕಿರುಗುಟ್ಟುತ್ತದೆ. ಆ ಕಿರುಗುಟ್ಟುವಿಕೆಯೇ ನಿಮ್ಮ ಖರ್ಚು. ಸವೆದ ಚೈನನ್ನು ಬದಲಾಯಿಸದೆ ಓಡಿಸಿದರೆ ಹಿಂದಿನ ಕ್ಯಾಸೆಟ್ಟಿನ ಹಲ್ಲುಗಳೂ ಹೋಗುತ್ತವೆ, ಕ್ಯಾಸೆಟ್ಟಿನ ಬೆಲೆ ಚೈನಿನ ಬೆಲೆಯ ಎಷ್ಟೋ ಪಟ್ಟು. ಫೋರ್ಕಿನ ಸೀಲು ಒರೆಸಿ. ಷೂ ಒಣಗಿಸಿ. ಗ್ರಾಂ ಲೆಕ್ಕದಲ್ಲಿ ಹಗುರವಾಗುವ ಬಿಡಿಭಾಗಗಳಿಗೆ ಸಾವಿರಗಟ್ಟಲೆ ಸುರಿಯುವ ಗೆಳೆಯರಿದ್ದಾರೆ, ಅವರ ಹೊಟ್ಟೆಯ ಮೇಲೆ ಐದು ಕೆಜಿ ಪುಕ್ಕಟೆ ಇಳಿಸಲು ಕಾದಿದೆ. ನನ್ನದೂ ಅದೇ ಕಥೆ.

ವಿಮೆಯ ವಿಷಯ ಒಂದಿದೆ. ಸಾಹಸ ಕ್ರೀಡೆ ಎಂದರೆ ಆರೋಗ್ಯ ವಿಮೆ ಕ್ಲೇಮು ಕೊಡುವುದಿಲ್ಲ ಎಂದು ಹೆದರಿಸಿ ದುಬಾರಿ ಪಾಲಿಸಿ ಮಾರಲು ಬರುತ್ತಾರೆ. ಐಆರ್‌ಡಿಎಐ ಏಕರೂಪಗೊಳಿಸಿದ ಹೊರಗಿಡುವಿಕೆಯ ಷರತ್ತು ಹೇಳುವುದು, ಅಪಾಯಕಾರಿ ಅಥವಾ ಸಾಹಸ ಕ್ರೀಡೆಯಲ್ಲಿ ವೃತ್ತಿಪರರಾಗಿ ಭಾಗವಹಿಸಿದ್ದರೆ ಎಂದು. ಸಂಬಳ ಎಣಿಸಿ ರೇಸಿನ ಫೀ ಕಟ್ಟುವ ನಮ್ಮಂಥ ಹವ್ಯಾಸಿಗಳು ವೃತ್ತಿಪರರಲ್ಲ. ಪರ್ಸನಲ್ ಆಕ್ಸಿಡೆಂಟ್ ಪಾಲಿಸಿಯ ಮಾತು ಬೇರೆ, ಅದರ ಷರತ್ತುಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ರೇಸಿಗೆ ಹೆಸರು ಕೊಡುವ ಮುನ್ನ ನಿಮ್ಮ ಪಾಲಿಸಿ ಪುಸ್ತಕದ ಆ ಪುಟ ಓದಿಕೊಳ್ಳಿ. ವಿದೇಶದ ರೇಸಿನ ಕನಸಿದ್ದವರು ಕಾರ್ಡಿನ ಫಾರೆಕ್ಸ್ ಮಾರ್ಕಪ್ ನೋಡಿ. 3.5 ಪರ್ಸೆಂಟ್ ಎಂದಿದ್ದರೆ ಜಿಎಸ್‌ಟಿ ಸೇರಿ 4.13 ಆಗುತ್ತದೆ.

ಸೈಕಲ್, ಫ್ರಿಜ್, ಫೋನು ಏನೇ ಕೊಳ್ಳಲು ಹೋದರೂ, ನೋ ಕಾಸ್ಟ್ ಎಂದವರನ್ನು ಮೊದಲು ಕೇಳಿ: “ಈಗಲೇ ಪೂರ್ತಿ ಯುಪಿಐ ಮಾಡಿದರೆ ಎಷ್ಟಕ್ಕೆ ಕೊಡ್ತೀರಿ?” ಅವರು ಒಂದು ಸಂಖ್ಯೆ ಹೇಳುವ ತನಕ ಕಾರ್ಡು ಜೇಬಿನಲ್ಲೇ ಇರಲಿ.