ಜಾಲತಾಣದ ಸ್ಥಿರ ಕಡತಗಳು

ಹಳೆವಿದ್ಯಾರ್ಥಿಗಳಿಗಾಗಿ ಜಾಲತಾಣವೊಂದನ್ನು ರಚಿಸುತ್ತಿದ್ದಾಗ, ಶಾಲೆಯ ಲಾಂಛನ, ಪುಟದ ಬಣ್ಣ, ಕನ್ನಡ ಫಾಂಟ್ ಎಲ್ಲವೂ ನನ್ನ ಮನೆಯ ಕಂಪ್ಯೂಟರಿನಲ್ಲಿ ಸೊಗಸಾಗಿ ಕಾಣುತ್ತಿದ್ದವು. ಸಾರ್ವಜನಿಕ ಸರ್ವರಿಗೆ ಏರಿಸಿದ ದಿನ ಬಣ್ಣಗೆಟ್ಟ ಬರಿಯ ಅಕ್ಷರಗಳಷ್ಟೇ ಉಳಿದವು. ಲಾಂಛನವಿರಬೇಕಾದಲ್ಲಿ ಒಡೆದ ಚಿತ್ರದ ಗುರುತು ಮೂಡಿತು. ತಪ್ಪು ನನ್ನದೇ. ಈ ವಿದ್ಯೆಗೆ ಕೈಹಾಕುತ್ತಿರುವ ನಮ್ಮ ಕಿರಿಯರಿಗೆ ಉಪಯೋಗವಾದೀತೆಂದು ಅದರ ಕಾರಣವನ್ನು ಇಲ್ಲಿ ವಿವರಿಸುತ್ತೇನೆ.

ನಾನು ಬಳಸಿದ್ದು ಪೈಥಾನ್ ಭಾಷೆಯ ಜಾಂಗೋ ಎಂಬ ಫ್ರೇಮ್‌ವರ್ಕ್. ಅಮೆರಿಕದ ಕಾನ್ಸಾಸ್ ಸಂಸ್ಥಾನದ ಲಾರೆನ್ಸ್ ಊರಿನ ಪತ್ರಿಕಾಲಯದಲ್ಲಿ ಹುಟ್ಟಿದ ಇದು 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಇದರಲ್ಲಿ ಪುಟಗಳು ಓದುಗನು ಕೇಳಿದಾಗ ರಚಿತವಾಗುತ್ತವೆ. ಯಾರು ಕೇಳಿದರೂ ಇದ್ದಂತೆಯೇ ಕೊಡಬೇಕಾದ ಲಾಂಛನ, ಶೈಲಿಹಾಳೆ, ಫಾಂಟ್ ಮುಂತಾದವು ಸ್ಥಿರ ಕಡತಗಳು. ಸದಸ್ಯರು ತಾವೇ ಕಳುಹಿಸುವ ಭಾವಚಿತ್ರಗಳು ಇವುಗಳಲ್ಲಿ ಸೇರವು. ಅವಕ್ಕೆ ‘ಮೀಡಿಯಾ’ ಎಂಬ ಬೇರೆ ಏರ್ಪಾಡಿದೆ.

ತಾಣದ ಪ್ರತಿಯೊಂದು ಆ್ಯಪ್‌ಗೂ ‘ಸ್ಟ್ಯಾಟಿಕ್’ ಎಂಬ ಕೋಶವಿರಬಹುದು. ಅದರೊಳಗೆ ಆ್ಯಪ್‌ನ ಹೆಸರಿನ ಉಪಕೋಶವೊಂದನ್ನು ಮಾಡಿಯೇ ಕಡತಗಳನ್ನಿಡಬೇಕು. ಎರಡು ಕಡೆ ಒಂದೇ ಹೆಸರಿದ್ದರೆ ಜಾಂಗೋ ಮೊದಲು ಕಂಡದ್ದನ್ನು ಎತ್ತಿಕೊಳ್ಳುತ್ತದೆ. ಒಂದೇ ತರಗತಿಯಲ್ಲಿ ಇಬ್ಬರು ನಾರಾಯಣರಿದ್ದರೆ ಹಾಜರಿ ಪುಸ್ತಕದಲ್ಲಿ ಇನಿಷಿಯಲ್ ಸೇರಿಸುವುದಿಲ್ಲವೇ?

ಪುಟದ ಟೆಂಪ್ಲೇಟಿನಲ್ಲಿ ಕಡತದ ಪೂರ್ಣ ವಿಳಾಸವನ್ನು ಕೈಯಿಂದ ಬರೆಯಬಾರದು. ಹೆಸರನ್ನು ‘ಸ್ಟ್ಯಾಟಿಕ್’ ಟ್ಯಾಗಿಗೆ ಒಪ್ಪಿಸಿದರೆ ವಿಳಾಸವನ್ನು ಅದೇ ಕಟ್ಟಿಕೊಡುತ್ತದೆ. ಗ್ರಂಥಾಲಯದಲ್ಲಿ ‘ಮೂರನೆಯ ಕಪಾಟು, ಎರಡನೆಯ ಹಲಗೆ’ ಎಂದು ಬರೆದಿಟ್ಟರೆ ಕಪಾಟು ಸರಿಸಿದಂದೇ ಗುರುತು ಸುಳ್ಳಾಗುತ್ತದೆ. ದಾಖಲೆ ಸಂಖ್ಯೆ ಸುಳ್ಳಾಗದು.

ಇನ್ನು ನನ್ನ ಲೋಪ. ‘ಡಿಬಗ್’ ಸ್ಥಿತಿಯಲ್ಲಿರುವಾಗ ಜಾಂಗೋದ ಪರೀಕ್ಷಾ ಸರ್ವರ್ ಸ್ಥಿರ ಕಡತಗಳನ್ನು ತಾನೇ ಹುಡುಕಿ ಕೊಡುತ್ತದೆ. ಸಾರ್ವಜನಿಕ ತಾಣದಲ್ಲಿ ಆ ಅನುಕೂಲವಿಲ್ಲ. ‘ಕಲೆಕ್ಟ್‌ಸ್ಟ್ಯಾಟಿಕ್’ ಆಜ್ಞೆಯಿಂದ ಎಲ್ಲವನ್ನೂ ‘ಸ್ಟ್ಯಾಟಿಕ್ ರೂಟ್’ ಎಂದು ಗೊತ್ತುಪಡಿಸಿದ ಕೋಶಕ್ಕೆ ನಕಲಿಸಿ, ಎಂಜಿನ್‌ಎಕ್ಸ್‌ನಂತಹ ಸರ್ವರಿಗೆ ವಹಿಸಬೇಕು. ನಾನು ಡಿಬಗ್ ನಿಲ್ಲಿಸಿದೆ, ಸಂಗ್ರಹಿಸಲು ಮರೆತೆ. ಪರೀಕ್ಷಾ ಸರ್ವರನ್ನೇ ಡಿಬಗ್‌ನಲ್ಲಿ ನಡೆಸಿಬಿಡುವ ಆಸೆಯಾಗುವುದುಂಟು. ಆದರೆ ದೋಷ ಬಂದಾಗ ಅದು ಒಳಗುಟ್ಟುಗಳನ್ನು ದಾರಿಹೋಕರಿಗೂ ತೋರಿಸುತ್ತದೆ.

ಲಾಂಛನವನ್ನು ಬದಲಿಸಿದ ಮೇಲೂ ಕೆಲವರ ಬ್ರೌಸರಿನಲ್ಲಿ ಸಂಗ್ರಹವಾಗಿದ್ದ ಹಳೆಯದೇ ಕಾಣುತ್ತಿತ್ತು. 2014ರ 1.7ನೆಯ ಆವೃತ್ತಿಯಲ್ಲಿ ಬಂದ ‘ಮ್ಯಾನಿಫೆಸ್ಟ್’ ಸಂಗ್ರಹವಿಧಾನ ಇದಕ್ಕೆ ಪರಿಹಾರ. ಕಡತದ ಒಳತಿರುಳಿನಿಂದ ಲೆಕ್ಕಹಾಕಿದ 12 ಅಕ್ಷರಾಂಕಗಳನ್ನು ಅದು ಹೆಸರಿಗೆ ಸೇರಿಸುತ್ತದೆ. ತಿರುಳು ಬದಲಾದರೆ ಹೆಸರೂ ಬದಲಾಗುತ್ತದೆ. ಟ್ಯಾಗನ್ನು ಬಳಸಿದ ಪುಟಗಳಿಗೆ ಹೊಸ ಹೆಸರು ತಾನಾಗಿ ತಲುಪುತ್ತದೆ. ಶೈಲಿಹಾಳೆಯೊಳಗಿನ ಫಾಂಟ್ ವಿಳಾಸವನ್ನೂ ಅದು ತಿದ್ದುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಕೈಯಿಂದ ಬರೆದ ಚಿತ್ರವಿಳಾಸವನ್ನು ಮಾತ್ರ ಮುಟ್ಟದು. ಅದನ್ನು ಟೆಂಪ್ಲೇಟಿನಿಂದಲೇ ಒದಗಿಸಬೇಕು.