ಉಬಿನ್ ಸುತ್ತ ಮೂರು ದಿನ: ಫಿಶ್ ಫೈಂಡರಿಗೆ ಎಷ್ಟು ಬ್ಯಾಟರಿ ಬೇಕು?

ನಮ್ಮೂರ ಹೊಳೆಗಳಲ್ಲಿ ದೋಣಿ ನಡೆಸುವವರು ಆಳ ನೋಡಬೇಕಾದರೆ ಕೈಯಲ್ಲಿರುವ ಬಿದಿರಿನ ಗಳವನ್ನೇ ನೀರಿಗಿಳಿಸುತ್ತಾರೆ. ಗಳಕ್ಕೆ ಚಾರ್ಜು ಬೇಡ. ಫಿಶ್ ಫೈಂಡರ್ ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ. ಗಳದ ಬದಲು ಶಬ್ದವನ್ನು ತಳಕ್ಕೆ ಇಳಿಸುತ್ತದೆ, ನಡುವೆ ಮೀನು ಸಿಕ್ಕರೆ ಅದನ್ನೂ ಪರದೆಯ ಮೇಲೆ ತೋರಿಸುತ್ತದೆ. ಜಪಾನಿನ ಫುರುನೋ ಸೋದರರು 1948ರಲ್ಲಿ ಮೀನುಗಾರಿಕೆ ದೋಣಿಗಳಿಗಾಗಿ ತಯಾರಿಸಿದ ಯಂತ್ರ ಇವತ್ತು ಅಂಗೈಯಗಲಕ್ಕೆ ಇಳಿದಿದೆ. ಸಿಂಗಾಪುರಕ್ಕೆ ಓದಲು ಬಂದು ಕಯಾಕ್ ಹುಚ್ಚು ಹಿಡಿಸಿಕೊಂಡ ನಮ್ಮಂಥವರೂ ಕೊಂಡುಕೊಳ್ಳುವಷ್ಟು ಅಗ್ಗವೂ ಆಗಿದೆ. ಆದರೆ ಒಂದು ಬೆಳಗಿನ ಸವಾರಿ ಬೇರೆ, ಎರಡು ರಾತ್ರಿ ಹೊರಗೆ ಕಳೆಯುವ ಸವಾರಿ ಬೇರೆ. "ಪವರ್ ಬ್ಯಾಂಕ್ ಇದ್ದರೆ ಸಾಕಲ್ವಾ?" ಅನ್ನುವ ಪ್ರಶ್ನೆ ಆಗ ಏಳುತ್ತದೆ. ಸಾಕು ಅಂತಲೂ ಹೇಳಬಹುದು, ಸಾಲದು ಅಂತಲೂ ಹೇಳಬಹುದು. ಯಾಕೆ ಅನ್ನುವುದೇ ಈ ಪಾಠ.

ಉದಾಹರಣೆಗೆ ಪುಲಾವ್ ಉಬಿನ್ ಸುತ್ತಮುತ್ತಲಿನ ಮೂರು ದಿನದ ಪ್ರವಾಸವನ್ನು ತೆಗೆದುಕೊಳ್ಳೋಣ. ಈ ಲೆಕ್ಕ ಕಲಿಯಲು ಅದಕ್ಕಿಂತ ತಕ್ಕ ಜಾಗ ಇಲ್ಲ. ಸಿಂಗಾಪುರದ ಮುಖ್ಯ ವಿದ್ಯುತ್ ಜಾಲ ಆ ದ್ವೀಪಕ್ಕೆ ಮುಟ್ಟಿಲ್ಲ. ಸಮುದ್ರದಡಿ ತಂತಿ ಎಳೆಯುವುದು ಅಲ್ಲಿರುವ ನಾಲ್ಕು ಮನೆ, ಅಂಗಡಿಗಳಿಗೆ ದುಬಾರಿ. ಜನ ಡೀಸೆಲ್ ಜನರೇಟರ್ ಇಟ್ಟುಕೊಂಡೇ ಬದುಕಿದವರು. 2013ರಲ್ಲಿ ಇಂಧನ ಪ್ರಾಧಿಕಾರ ಜೆಟ್ಟಿಯ ಹತ್ತಿರ ಸೌರಫಲಕ, ಜೈವಿಕ ಡೀಸೆಲ್ ಜೋಡಿಸಿದ ಪುಟ್ಟ ಜಾಲವೊಂದನ್ನು ಪ್ರಯೋಗಕ್ಕೆಂದು ಶುರುಮಾಡಿತು. ಒಟ್ಟಿನಲ್ಲಿ ದ್ವೀಪಕ್ಕೆ ದ್ವೀಪವೇ "ಇವತ್ತು ಎಷ್ಟು ಹುಟ್ಟಿತು, ಎಷ್ಟು ಖರ್ಚಾಯಿತು" ಅಂತ ನೋಡುವ ಕಡೆ, ಡೇರೆ ಹಾಕಿದ ನಮಗೆ ಗೋಡೆಯಲ್ಲಿ ಪ್ಲಗ್ಗು ಸಿಗುತ್ತದೆ ಅಂದುಕೊಳ್ಳುವ ಹಾಗಿಲ್ಲ.

ಮೊದಲು ಅಳತೆ. ಬ್ಯಾಟರಿ ಮಾತಾಡುವಾಗ ಎಲ್ಲರ ಬಾಯಲ್ಲೂ ಎಂಎಎಚ್ ಓಡಾಡುತ್ತದೆ. ಆ ಸಂಖ್ಯೆ ಒಂದೇ ಇದ್ದರೆ ಪ್ರಯೋಜನ ಇಲ್ಲ, ಯಾವ ವೋಲ್ಟಿನಲ್ಲಿ ಅನ್ನುವುದೂ ಗೊತ್ತಿರಬೇಕು. ಎರಡನ್ನೂ ಗುಣಿಸಿದರೆ ಬರುವುದು ವ್ಯಾಟ್-ಗಂಟೆ. ಊರಿನ ಮನೆಗೆ ಬರುವ ಬೆಸ್ಕಾಂ ಬಿಲ್ಲಿನ ಒಂದು ಯೂನಿಟ್ ಅಂದರೆ ಇಂಥ 1000 ವ್ಯಾಟ್-ಗಂಟೆ. 20,000 ಎಂಎಎಚ್ ಪವರ್ ಬ್ಯಾಂಕ್ ಒಳಗಿನ ಸೆಲ್ಲುಗಳು 3.7 ವೋಲ್ಟಿನವು, 20 ಆಂಪಿಯರ್-ಗಂಟೆಯನ್ನು 3.7ರಿಂದ ಗುಣಿಸಿದರೆ 74 ವ್ಯಾಟ್-ಗಂಟೆ. ಯುಎಸ್‌ಬಿ 5 ವೋಲ್ಟ್ ಕೊಡುತ್ತದಲ್ಲ ಅಂತ 5ರಿಂದ ಗುಣಿಸಿ ನೂರು ಅಂದುಕೊಂಡರೆ ಕಾಲುಭಾಗ ಗಾಳಿಯಲ್ಲಿ ಹೋಯಿತು.

ಇನ್ನು ಯಂತ್ರದ ಕಡೆ. ಡಬ್ಬದ ಮೇಲೆ "200 ವ್ಯಾಟ್" ಅಂತ ದಪ್ಪ ಅಕ್ಷರದಲ್ಲಿ ಇರುವುದನ್ನು ನೋಡಿ ಎಂಜಿನಿಯರಿಂಗ್ ಓದುವವರೇ ಬೆಚ್ಚುತ್ತಾರೆ. ಅಷ್ಟು ಶಕ್ತಿಯನ್ನು ಪುಟ್ಟ ಬ್ಯಾಟರಿ ಎಲ್ಲಿಂದ ತಂದೀತು? ಅದು ಶಬ್ದದ ಮಿಡಿತ ಹೊರಡುವ ಆ ಒಂದು ಕ್ಷಣದ ಶಕ್ತಿ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. 15 ಮೀಟರ್ ಆಳದ ತಳ ಮುಟ್ಟಿ ವಾಪಸ್ ಬರಲು 20 ಮಿಲಿಸೆಕೆಂಡ್ ಸಾಕು. ಮಿಡಿತವೊಂದು 0.3 ಮಿಲಿಸೆಕೆಂಡ್ ಇದ್ದು, ಸೆಕೆಂಡಿಗೆ ಹತ್ತು ಮಿಡಿತ ಹೊರಟರೆ ಸರಾಸರಿ ಖರ್ಚು ಬರೀ 0.6 ವ್ಯಾಟ್. ಮಿಕ್ಕ ಹೊತ್ತೆಲ್ಲ ಯಂತ್ರ ಕಿವಿಗೊಟ್ಟು ಕೂತಿರುತ್ತದೆ. ನಿಜವಾಗಿ ಕರೆಂಟ್ ಕುಡಿಯುವುದು ಪರದೆ, ಅದರಲ್ಲೂ ಪರದೆಯ ಹಿಂದಿನ ದೀಪ. ಹಾಗಾಗಿ ಆ ದಪ್ಪ ಅಕ್ಷರವನ್ನು ಮರೆತು, ಕೈಪಿಡಿಯ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿರುವ ಆಂಪಿಯರ್ ಸಂಖ್ಯೆಯನ್ನು ಹುಡುಕಬೇಕು. ನಾಲ್ಕು ಇಂಚಿನ ಸಾದಾ ಯಂತ್ರಗಳು 12 ವೋಲ್ಟಿನಲ್ಲಿ ಸುಮಾರು ಕಾಲು ಆಂಪಿಯರ್ ಎಳೆಯುತ್ತವೆ, ಅಂದರೆ 3 ವ್ಯಾಟ್. ಏಳು ಇಂಚಿನ, ನಕ್ಷೆ ತೋರಿಸುವ ಯಂತ್ರ ಒಂದು ಆಂಪಿಯರ್ ತನಕ ಎಳೆದೀತು, ಅಂದರೆ 12 ವ್ಯಾಟ್. ಕಯಾಕಿನಲ್ಲಿ ರಾತ್ರಿ ಕಳೆಯುವವರಿಗೆ ಎರಡನೆಯದು ಬೇಡವೇ ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಪರದೆ ದೊಡ್ಡದಾದ ಮಾತ್ರಕ್ಕೆ ಮೀನು ದೊಡ್ಡದಾಗುವುದಿಲ್ಲ.

ಈಗ ಗಂಟೆಗಳನ್ನು ಎಣಿಸೋಣ. ಮೊದಲ ಎರಡು ದಿನ ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ಗಾಳ ಹಾಕುವುದು. ಮೂರನೇ ದಿನ ಬೆಳಿಗ್ಗೆ ಮಾತ್ರ. ಒಟ್ಟು 15 ಗಂಟೆ. 3 ವ್ಯಾಟಿನಿಂದ ಗುಣಿಸಿದರೆ 45 ವ್ಯಾಟ್-ಗಂಟೆ. ಬ್ಯಾಟರಿ ಹಳತಾಗಿರಬಹುದು, ಬಿಸಿಲಿಗೆ ಪರದೆಯನ್ನು ಪೂರ್ತಿ ಬೆಳಗಿಸಬೇಕಾಗಬಹುದು, ಹಾಗಾಗಿ ಇನ್ನೂ ಕಾಲುಭಾಗ ಸೇರಿಸಿ 56 ಅಂತ ಇಟ್ಟುಕೊಳ್ಳೋಣ. ಏಳು ಇಂಚಿನ ಯಂತ್ರವಾಗಿದ್ದರೆ ಅದೇ 15 ಗಂಟೆಗೆ 180. ಆಗ ಬ್ಯಾಟರಿಗೇ ಒಂದು ಸೀಟು ಕೊಡಬೇಕು.

56 ಅಂದ ಕೂಡಲೇ "74ರ ಪವರ್ ಬ್ಯಾಂಕ್ ಸಾಕಾಯ್ತಲ್ಲ" ಅನ್ನಬೇಡಿ. ಬಹಳಷ್ಟು ಯಂತ್ರಗಳಿಗೆ ಬೇಕಾದ್ದು 12 ವೋಲ್ಟ್. ಪವರ್ ಬ್ಯಾಂಕಿನ 5 ವೋಲ್ಟನ್ನು ಮೇಲಕ್ಕೇರಿಸುವ ಕೇಬಲ್ ಸಿಗುತ್ತದೆ, ಆದರೆ ಅದೂ ತನ್ನ ಪಾಲು ತಿನ್ನುತ್ತದೆ. ಕೈಗೆ ಬರುವುದು 60ರ ಆಸುಪಾಸು. ಫಿಶ್ ಫೈಂಡರ್ ನಡೆಯಿತು ಸರಿ, ಫೋನಿಗೆ ಏನು ಉಳಿಯಿತು?

ಈ ಪಾಠದಲ್ಲಿ ಬೇರೆ ಏನು ಮರೆತರೂ ಇದನ್ನು ಮಾತ್ರ ಮರೆಯಬಾರದು. ಉಬಿನ್ ಇರುವುದು ಜೋಹೋರ್ ಜಲಸಂಧಿಯಲ್ಲಿ. ಉತ್ತರಕ್ಕೆ ಮಲೇಷಿಯಾ, ನಡುವೆ ನೀರಿನ ಮೇಲೆ ಕಾಣದ ಗಡಿ. ನಾವು ಗಡಿಯ ಯಾವ ಕಡೆ ಇದ್ದೇವೆ ಅಂತ ಹೇಳುವುದು ಫೋನು. ಗುಡುಗು-ಮಿಂಚು ಜಗತ್ತಿನಲ್ಲೇ ಹೆಚ್ಚಿರುವ ಜಾಗಗಳಲ್ಲಿ ಸಿಂಗಾಪುರ ಒಂದು, ಮಧ್ಯಾಹ್ನದ ಮಳೆಯ ಮುನ್ಸೂಚನೆ ಬರುವುದೂ ಫೋನಿಗೆ. ಯಾರಿಗಾದರೂ ಏನಾದರೂ ಆದರೆ ಸಹಾಯ ಕೇಳುವುದೂ ಅದರಲ್ಲೇ. ಮೀನು ಸಿಗದಿದ್ದರೆ ಆ ರಾತ್ರಿ ಮ್ಯಾಗಿ ತಿಂದು ಮಲಗಬಹುದು. ಫೋನ್ ಸತ್ತರೆ ಹಾಗಲ್ಲ. ನಮ್ಮ ಮನೆಗಳಲ್ಲಿ ಕುಡಿಯುವ ನೀರಿನ ಕೊಡ ಬೇರೆ, ಸ್ನಾನದ ಹಂಡೆ ಬೇರೆ ಇರುತ್ತದೆ. ಹಂಡೆ ಬರಿದಾಯಿತು ಅಂತ ಯಾರೂ ಕೊಡದ ನೀರನ್ನು ಮೈಮೇಲೆ ಸುರಿದುಕೊಳ್ಳುವುದಿಲ್ಲ. ಬ್ಯಾಟರಿಯೂ ಹಾಗೇ ಎರಡು ಇರಬೇಕು. ಫೋನು, ತಲೆದೀಪಕ್ಕೆ ಒಂದು ಪವರ್ ಬ್ಯಾಂಕ್, ಅದರ ತಂತಿ ಫಿಶ್ ಫೈಂಡರ್ ಕಡೆ ಹೋಗಲೇಕೂಡದು. ಫಿಶ್ ಫೈಂಡರಿಗೆ ಇನ್ನೊಂದು. ಅದು ಮುಗಿದರೆ ಮುಗಿಯಿತು.

ಇದೇ ಕಾರಣಕ್ಕೆ, ನೀರಿಗೆ ಎಸೆಯುವ ಚೆಂಡಿನಾಕಾರದ ವೈ-ಫೈ ಸೋನಾರ್ ದಿನದ ಸವಾರಿಗೆ ಎಷ್ಟೇ ಚೆಂದವಿದ್ದರೂ ರಾತ್ರಿ ತಂಗುವ ಪ್ರವಾಸಕ್ಕೆ ನಮಗೆ ಒಪ್ಪಿಗೆಯಿಲ್ಲ. ಚೆಂಡಿನೊಳಗೆ ಅದರದೇ ಬ್ಯಾಟರಿ ಇರುತ್ತದೆ ನಿಜ. ಆದರೆ ಚಿತ್ರ ಮೂಡುವುದು ಫೋನಿನ ಪರದೆಯಲ್ಲಿ. ಉರಿಬಿಸಿಲಲ್ಲಿ ಗಂಟೆಗಟ್ಟಲೆ ಫೋನನ್ನು ಪೂರ್ತಿ ಬೆಳಗಿಸಿ ಇಟ್ಟರೆ ಖರ್ಚೆಲ್ಲ ಕುಡಿಯುವ ನೀರಿನ ಕೊಡದಿಂದಲೇ.

ಹಾಗಾದರೆ ಎರಡನೇ ಬ್ಯಾಟರಿ ಯಾವುದು? ಯುಪಿಎಸ್ ಒಳಗಿರುವ 12 ವೋಲ್ಟ್, 7 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಎಲ್ಲ ಕಡೆ ಸಿಗುತ್ತದೆ, ಅಗ್ಗ ಕೂಡ. ಲೆಕ್ಕಕ್ಕೆ 84 ವ್ಯಾಟ್-ಗಂಟೆ. ಆದರೆ ಸೀಸದ ಬ್ಯಾಟರಿಯನ್ನು ಪದೇಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಕೆಡುತ್ತದೆ. ಅರ್ಧ ಅಂದರೆ 42. ನಮಗೆ ಬೇಕಾದ್ದು 56. ಎರಡು ಒಯ್ಯಬೇಕು, ತೂಕ ನಾಲ್ಕು ಕಿಲೋ ದಾಟುತ್ತದೆ. ಅದೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 12.8 ವೋಲ್ಟಿನದು, 89.6 ವ್ಯಾಟ್-ಗಂಟೆ, ಅದರಲ್ಲಿ ಹೆಚ್ಚುಪಾಲು ಬಳಸಬಹುದು, ತೂಕ ಒಂದು ಕಿಲೋದ ಹತ್ತಿರ. ತಿಂಗಳಿಗೊಮ್ಮೆ ನೀರಿಗಿಳಿಯುವವರು ಇದನ್ನೇ ಕೊಳ್ಳಲಿ. ವರ್ಷಕ್ಕೊಮ್ಮೆ ಹೋಗುವವರು ಇನ್ನೊಂದು ಪವರ್ ಬ್ಯಾಂಕ್, ಒಂದು ಏರಿಸುವ ಕೇಬಲ್ ಕೊಂಡರೂ ನಡೆಯುತ್ತದೆ, ಬಾಕಿ ದಿನ ಲೈಬ್ರರಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಅಂಥ ಕೇಬಲ್ಲಿನಿಂದ ಪರದೆಯ ಮೇಲೆ ಮಳೆ ಹನಿದ ಹಾಗೆ ಗೆರೆಗಳು ಬೀಳುವುದುಂಟು. ಸೋನಾರಿನ ತಂತಿಯನ್ನೂ ಕರೆಂಟಿನ ತಂತಿಯನ್ನೂ ದೂರದೂರ ಒಯ್ದರೆ ಎಷ್ಟೋ ಕಡಿಮೆಯಾಗುತ್ತದೆ. ಏನೂ ಇಲ್ಲದಾಗ ಹತ್ತು ಎಎ ರೀಚಾರ್ಜ್ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೂ 12 ವೋಲ್ಟ್ ಬರುತ್ತದೆ. 2 ಆಂಪಿಯರ್-ಗಂಟೆಯ ಸೆಲ್ಲುಗಳಾದರೆ 24 ವ್ಯಾಟ್-ಗಂಟೆ, ಅಂದರೆ ಎಂಟು ಗಂಟೆಯ ಕೆಲಸ.

ಲಿಥಿಯಂ ಬ್ಯಾಟರಿಗೆ ಒಂದು ಗುಣವಿದೆ. ಸೀಸದ್ದು ಮುಗಿಯುತ್ತಾ ಬಂದ ಹಾಗೆ ವೋಲ್ಟ್ ಇಳಿಸುತ್ತಾ ಮುನ್ಸೂಚನೆ ಕೊಡುತ್ತದೆ. ಇದು ಬಹುತೇಕ ಕೊನೆಯ ತನಕ 13ರ ಹತ್ತಿರವೇ ನಿಂತಿದ್ದು, ಆಮೇಲೆ ಒಳಗಿನ ರಕ್ಷಣಾ ಸರ್ಕ್ಯೂಟು ತಟ್ಟನೆ ಕಡಿದುಬಿಡುತ್ತದೆ. ಪರದೆಯ ಮೂಲೆಯಲ್ಲಿರುವ ವೋಲ್ಟ್ ಸಂಖ್ಯೆ ನೋಡಿ ಧೈರ್ಯ ತಂದುಕೊಳ್ಳುವ ಹಾಗಿಲ್ಲ. ಬ್ಯಾಟರಿ ಡಬ್ಬಿಯ ಮುಚ್ಚಳಕ್ಕೆ ಒಂದು ತುಂಡು ಟೇಪು ಅಂಟಿಸಿ, ಉರಿಸಿದ ಗಂಟೆಗಳನ್ನು ಪೆನ್ಸಿಲಿನಲ್ಲಿ ಗೀಟು ಹಾಕುತ್ತಾ ಹೋಗುವುದೇ ನಂಬಬಹುದಾದ ಮೀಟರು. ಹುಟ್ಟು ಹಾಕುತ್ತಾ ಜಾಗದಿಂದ ಜಾಗಕ್ಕೆ ಹೋಗುವಾಗ ಯಂತ್ರ ಆರಿಸಿಡಿ. ಇದಕ್ಕೊಂದು ವಿನಾಯಿತಿ ಉಂಟು: ಸಿಂಗಾಪುರದಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು ಮೂರು ಮೀಟರ್ ಅಂತರ. ಇಳಿತ ಶುರುವಾದ ಮೇಲೆ ಉಬಿನ್ ಮತ್ತು ಕೇತಾಮ್ ದ್ವೀಪದ ಅಂಚಿನಲ್ಲಿ ಹೋಗುವಾಗ, ಕೆಸರಿನಲ್ಲಿ ಸಿಕ್ಕಿಕೊಳ್ಳದಿರಲು ಆಳ ತೋರಿಸುವ ಯಂತ್ರ ಉರಿಯುತ್ತಿರಲಿ. ಅದಕ್ಕಾಗಿಯೇ ಕೊನೆಯ ದಿನಕ್ಕೆ ಎರಡು ಗಂಟೆ ಉಳಿಸಿಕೊಂಡಿರಬೇಕು.

ತಂತಿ ಜೋಡಣೆ ಸುಲಭ, ಆದರೆ ಸೋಮಾರಿತನ ನಡೆಯದು. ಬ್ಯಾಟರಿಯ ಪ್ಲಸ್ ತುದಿಗೆ ತೀರ ಹತ್ತಿರದಲ್ಲಿ ಒಂದು ಫ್ಯೂಸ್, ಸಣ್ಣ ಯಂತ್ರಕ್ಕೆ ಕೈಪಿಡಿ ಹೇಳಿದ ಅಳತೆಯದು. ಉಪ್ಪುನೀರು ಬಿದ್ದು ಎರಡು ತುದಿ ಒಂದಾದರೆ ಲಿಥಿಯಂ ಬ್ಯಾಟರಿ ಒಂದೇ ಕ್ಷಣದಲ್ಲಿ ಹತ್ತಾರು ಆಂಪಿಯರ್ ಸುರಿಯಬಲ್ಲದು, ತಂತಿ ಹೊತ್ತಿಕೊಳ್ಳಲು ಅಷ್ಟು ಸಾಕು. ತುದಿಗಳಿಗೆ ವ್ಯಾಸಲೀನ್ ಸವರಿ, ಸಂಜೆ ಸಿಹಿನೀರಿನಲ್ಲಿ ಹೊರಗಿನಿಂದ ಒರೆಸಿ. ಬ್ಯಾಟರಿಯನ್ನು ನೀರು ಹೋಗದ ಡಬ್ಬಿಯಲ್ಲಿಟ್ಟು ಕಯಾಕಿನ ಹೊಟ್ಟೆಯೊಳಗೆ, ತಳಕ್ಕೆ ತಾಗಿಸಿ ಕಟ್ಟಿ. ಮೇಲೆ ಬಿಸಿಲಿಗೆ ಕಪ್ಪು ಡಬ್ಬಿ ಒಲೆಯಾಗುತ್ತದೆ. ಕೆಳಗೆ 30 ಡಿಗ್ರಿಯ ಆಸುಪಾಸಿನ ಸಮುದ್ರವೇ ಅದನ್ನು ತಂಪಾಗಿಡುತ್ತದೆ. ಭಾರ ಕೆಳಗಿದ್ದರೆ ದೋಣಿಯೂ ಹೊಯ್ದಾಡುವುದಿಲ್ಲ.

ಸೌರಫಲಕ? ಮೂರು ದಿನಕ್ಕೆ ಬೇಡ. ಐದಾರು ದಿನ ಮಲೇಷಿಯಾದ ತಾಸಿಕ್ ಕೆನ್ಯಿರ್‌ನಂಥ ದೊಡ್ಡ ಜಲಾಶಯಕ್ಕೆ ಹೋಗುವವರು ಯೋಚಿಸಬಹುದು. 20 ವ್ಯಾಟಿನ ಮಡಚುವ ಫಲಕ ಒಳ್ಳೆಯ ದಿನ 40 ವ್ಯಾಟ್-ಗಂಟೆಯ ಮೇಲೆ ಕೊಟ್ಟೀತು, ಮೋಡ ಇದ್ದರೆ ಅದರ ಅರ್ಧ. ನಮ್ಮ ಯಂತ್ರಕ್ಕೆ ದಿನಕ್ಕೆ ಬೇಕಾದ್ದು 18, ಹಾಗಾಗಿ ಕೆಟ್ಟ ದಿನವೂ ನಡೆಯುತ್ತದೆ. ಸಮಭಾಜಕದ ಹತ್ತಿರ ಒಂದು ಅನುಕೂಲವಿದೆ: ಫಲಕವನ್ನು ವಾರೆ ನಿಲ್ಲಿಸುವ ತಾಪತ್ರಯ ಇಲ್ಲ. ಡಿಸೆಂಬರಿನಲ್ಲೂ ನಡುಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯಿಂದ 25 ಡಿಗ್ರಿ ಮಾತ್ರ ಸರಿದಿರುತ್ತಾನೆ. ಶಿವಮೊಗ್ಗದ ಕಡೆ ಅದೇ ದಿನ 37 ಡಿಗ್ರಿ ದಾಟಿರುತ್ತದೆ. ಚಾರ್ಜ್ ಮಾಡುವ ಕಂಟ್ರೋಲರ್ ಮಾತ್ರ ನಿಮ್ಮ ಜಾತಿಯ ಬ್ಯಾಟರಿಗೇ ಹೊಂದುವಂಥದ್ದಿರಲಿ, ಸೀಸಕ್ಕೆ ಮಾಡಿದ್ದನ್ನು ಲಿಥಿಯಂಗೆ ಕೊಡಬೇಡಿ.

ರಜೆಗೆ ಊರಿಗೆ ಒಯ್ದು ಶರಾವತಿಯ ಲಿಂಗನಮಕ್ಕಿ ಹಿನ್ನೀರಿನಲ್ಲೋ ತೋಟದ ಹತ್ತಿರದ ಕೆರೆಯಲ್ಲೋ ನೋಡೋಣ ಅನ್ನುವವರಿಗೆ ವಿಮಾನದ ಮಾತು. ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್-ಗಂಟೆಯ ತನಕ ಸಾಮಾನ್ಯವಾಗಿ ತೊಂದರೆಯಿಲ್ಲ, 100ರಿಂದ 160ರ ತನಕ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದರ ಮೇಲಿನದು ಬಿಟ್ಟೇ ಹೋಗಬೇಕು. 7 ಆಂಪಿಯರ್-ಗಂಟೆಯದು ಹೋಗುತ್ತದೆ. 10ರದ್ದು 128 ಆಗುವುದರಿಂದ ಮೊದಲೇ ಕೇಳಬೇಕು. ಅಂಗಡಿಯಲ್ಲಿ 26,800 ಅನ್ನುವ ವಿಚಿತ್ರ ಅಂಕೆಯ ಪವರ್ ಬ್ಯಾಂಕ್ ಯಾಕಿದೆ ಅಂತ 3.7ರಿಂದ ಗುಣಿಸಿ ನೋಡಿ, ನಗು ಬರುತ್ತದೆ. ತುದಿಗಳಿಗೆ ಟೇಪು ಸುತ್ತಿ, ಮೇಲಿನ ಚೀಟಿ ಓದುವ ಹಾಗಿರಲಿ. ಸಿಂಗಾಪುರ್ ಏರ್‌ಲೈನ್ಸ್ ಮತ್ತು ಸ್ಕೂಟ್ 2025ರ ಏಪ್ರಿಲ್ 1ರಿಂದ ವಿಮಾನದೊಳಗೆ ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡುವುದನ್ನೂ ನಿಲ್ಲಿಸಿವೆ. ನಮ್ಮನ್ನು ಕೇಳಿದರೆ, ಬ್ಯಾಟರಿ ಇಲ್ಲೇ ಬಿಟ್ಟು ಯಂತ್ರ ಮಾತ್ರ ಒಯ್ಯಿರಿ. ಊರಲ್ಲಿ ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಬ್ಯಾಟರಿ ಪಂಪು ಯಾರ ಮನೆಯಲ್ಲಾದರೂ ಇರುತ್ತದೆ; ಅದರೊಳಗಿನದು ಸಾಮಾನ್ಯವಾಗಿ 12 ವೋಲ್ಟ್, 8 ಆಂಪಿಯರ್-ಗಂಟೆ. ಅರ್ಧ ಬಳಸಿದರೂ 16 ಗಂಟೆ ನಡೆಯುತ್ತದೆ. ಪಂಪಿನ ಯಜಮಾನರನ್ನು ಕೇಳಿಯೇ ಬಿಚ್ಚಿ.

ಇಷ್ಟು ಲೆಕ್ಕ ಕಾಗದದ ಮೇಲಿನದು. ಹೊರಡುವ ವಾರ ಮುಂಚೆ ಹಾಸ್ಟೆಲ್ ರೂಮಿನಲ್ಲಿ ಒಂದು ಬಕೆಟ್ ನೀರಿಗೆ ಸೋನಾರಿನ ಮೂತಿ ಇಳಿಸಿ, ಪರದೆಯನ್ನು ಪೂರ್ತಿ ಬೆಳಗಿಸಿ, ತುಂಬಿದ ಬ್ಯಾಟರಿಗೆ ಜೋಡಿಸಿ ಬಿಡಿ. ಬೆಳಿಗ್ಗೆ ಕ್ಲಾಸಿಗೆ ಹೋಗುವ ಮುನ್ನ ಶುರುಮಾಡದೆ, ಮನೆಯಲ್ಲೇ ಇರುವ ಶನಿವಾರ ಮಾಡಿ. ಬ್ಯಾಟರಿಯನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕು. 15 ಗಂಟೆ ದಾಟಿ ಉರಿದರೆ ಡಬ್ಬಿಯ ಟೇಪಿನ ಮೇಲೆ ಆ ಸಂಖ್ಯೆ ಬರೆದಿಡಿ. ಹತ್ತಕ್ಕೇ ಆರಿದರೆ ಮೂರನೇ ದಿನದ ಬೆಳಿಗ್ಗೆಯ ಗಾಳವನ್ನು ಪಟ್ಟಿಯಿಂದ ತೆಗೆಯಿರಿ, ಫೋನಿನ ಪವರ್ ಬ್ಯಾಂಕ್ ಕಡೆ ಮಾತ್ರ ನೋಡಬೇಡಿ.